ತವುಡಿನ ಭರಣಿಗೆ ಹಾಕದ ಕೈ

ಆ ಮನೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಹೊರಗೆ ಬರುವಷ್ಟರಲ್ಲಿ ಅದು ತಿರುಗಿ ಕೂತಿರುತ್ತಿತ್ತು, ಮೂತಿ ಬಾಗಿಲ ಕಡೆಗೆ. ಮೊದಲ ದಿನ ನನಗೆ ಅದು 'ಬಂದ ಕೆಲಸ ಆಯಿತಲ್ಲ, ಹೊರಡು' ಎಂದ ಹಾಗೆ ಕಂಡು ಬೇಸರವಾಗಿತ್ತು. ಇನ್ನೊಂದು ದಿನ ನೀರಿನ ಕ್ಯಾನು ಒಳಗಿಟ್ಟು ಬರುವಾಗ ಕಣ್ಣಾರೆ ಕಂಡೆ: ಮೇಡಂ ಮೊಣಕಾಲೂರಿ ಕೂತು, ನನ್ನ ಹಿಮ್ಮಡಿ ಸವೆದ ಚಪ್ಪಲಿಯನ್ನು ಎರಡು ಕೈಯಲ್ಲಿ ಎತ್ತಿ ತಿರುಗಿಸಿ ಇಡುತ್ತಿದ್ದರು. ಹೋಗುವವನಿಗೆ ಕಾಲು ಹಾಕಲು ಸುಲಭವಾಗಲಿ ಎಂದು ಅವರ ಊರಿನಲ್ಲಿ ಹಾಗೆ ಮಾಡುತ್ತಾರಂತೆ. ನಾಚಿಕೆಯಾಗಿ, ಅಂದಿನಿಂದ ನಾನೇ ತಿರುಗಿಸಿ ಬಿಡಲು ಕಲಿತೆ.

ದುಬೈಯ ಮಿರ್ದಿಫ್‌ನಲ್ಲಿ ಆ ವಿಲ್ಲಾ. ಅದರಲ್ಲಿ ಒಂದು ಜಪಾನೀ ಸಂಸಾರ. ಸರ್ ಕಂಪೆನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ಮೇಡಂ ಮನೆಯಲ್ಲಿ, ಮಗಳು ಶಾಲೆಗೆ. ನಾನು ಅವರ ಡ್ರೈವರ್. ಅಡುಗೆ, ಮನೆಗೆಲಸ ನನ್ನ ತಂಗಿಯದು. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಅವಳು ಐದಕ್ಕೆ. ಉಡುಪಿ ಕಡೆಯ ನಾವು ಒಳಗೊಳಗೆ ತುಳು ಮಾತಾಡುತ್ತೇವೆ. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ. ಮೇಡಂ ಜೊತೆ ನಮ್ಮದು ತುಂಡು ತುಂಡು ಇಂಗ್ಲಿಷ್, ಉಳಿದದ್ದು ಕೈಸನ್ನೆ.

ಬರೆಯಲು ಕೂತದ್ದು ಒಂದೇ ಕಾರಣಕ್ಕೆ. ಈ ತಂಗಿಯ ಕೈ ಸರಿ ಇಲ್ಲ ಎಂಬ ಮಾತು ನನ್ನಿಂದಾಗಿ ಅವಳ ಮೇಲೆ ಕೂತಿತು. ಅದು ಸುಳ್ಳೆಂದು ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಸುಮ್ಮನಿದ್ದೆ.

ಮೊದಲು ಆ ಮನೆಯ ರೀತಿ ಹೇಳಬೇಕು. ಹೊಸತಾಗಿ ಅಲ್ಲಿಗೆ ಬಂದಾಗ ಮೇಡಂ ಎಡಬಲದ ಮನೆಗಳಿಗೆ ಸಣ್ಣ ಟವೆಲಿನ ಕಟ್ಟು ಹಿಡಿದುಕೊಂಡು ಹೋಗಿ, ಇನ್ನು ಮುಂದೆ ನಮ್ಮಿಂದ ತೊಂದರೆಯಾದೀತು, ಮನ್ನಿಸಬೇಕು ಎಂದು ಬಗ್ಗಿ ಹೇಳಿ ಬಂದರು. ತೊಂದರೆ ಇನ್ನೂ ಆಗಿರಲೇ ಇಲ್ಲ. ಪಕ್ಕದ ಅರಬ್ಬಿ ಮನೆಯ ಅಜ್ಜಿ ಆ ಟವೆಲಿಗೆ ಬದಲಾಗಿ ಒಂದು ಹರಿವಾಣ ತುಂಬ ಮಾಂಸದ ಅನ್ನ ಕಳಿಸಿದರು. ಸಿಕ್ಕಿದ್ದಕ್ಕೆ ಏನಾದರೂ ತಿರುಗಿ ಕೊಡದೆ ಕೂರುವುದು ಜಪಾನಿನವರಿಗೆ ಆಗದ ಮಾತು. ಮೇಡಂ ಬಿಸ್ಕತ್ತಿನ ಡಬ್ಬಿ ಕಳಿಸಿದರು. ಬಂದ ಪಾತ್ರೆಯನ್ನು ಬರಿದು ಕಳಿಸುವುದು ಅಜ್ಜಿಗೂ ಆಗದ ಮಾತು. ಖರ್ಜೂರದ ಪೆಟ್ಟಿಗೆ ಬಂತು. ಇಲ್ಲಿಂದ ಹಸಿರು ಚಾ ಹೋಯಿತು. ಅಲ್ಲಿಂದ ಇಡೀ ಹುರಿದ ಮೀನು ಬಂತು. ನಡುವೆ ಹೊತ್ತು ತಿರುಗುವವಳು ನನ್ನ ತಂಗಿ.

"ಅಣ್ಣ, ಇದನ್ನು ಯಾರು ನಿಲ್ಲಿಸುವುದು? ಇಬ್ಬರೂ ಸೋಲುವ ಜನ ಅಲ್ಲ. ಕೊನೆಗೆ ನನ್ನ ಕೈ ಸೋಲ್ತದೆ ನೋಡು" ಎಂದು ಅವಳು ಗೇಟಿನಲ್ಲಿ ನನ್ನ ಹತ್ತಿರ ಗೊಣಗುತ್ತಿದ್ದಳು.

ಇನ್ನೊಂದು ರೀತಿ ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು. ಯಾರದಾದರೂ ಮನೆಗೆ ಹೋಗುವುದಿದ್ದರೆ ತಡವಾಗಬಾರದು. ಅದು ಎಲ್ಲರಿಗೂ ಗೊತ್ತಿರುವುದೇ. ಆದರೆ ಮೊದಲೇ ಹೋಗಿ ಬೆಲ್ ಒತ್ತಲೂ ಬಾರದು. ಮನೆಯವರು ಇನ್ನೂ ನೆಲ ಒರೆಸುತ್ತಿರಬಹುದು, ಅವರಿಗೆ ಮುಜುಗರ. ಹಾಗಾಗಿ ನಾನು ಬೇಗ ತಲುಪಬೇಕು, ತಲುಪಿ ಆ ಮನೆಗೆ ಕಾಣದ ಹಾಗೆ ತಿರುವಿನ ಆಚೆ ಕಾರು ನಿಲ್ಲಿಸಬೇಕು, ಹೇಳಿದ ಹೊತ್ತು ಬರುವವರೆಗೆ ಎಲ್ಲರೂ ಕಾರಿನಲ್ಲೇ ಕೂರಬೇಕು. ಆ ಹೊತ್ತಿನಲ್ಲಿ ಮೇಡಂ ಕೂದಲು ಸರಿ ಮಾಡಿಕೊಳ್ಳುತ್ತಾರೆ, ಅಲ್ಲಿ ಹೇಳಬೇಕಾದ ಮಾತನ್ನು ತುಟಿಯಲ್ಲೇ ಹೇಳಿ ನೋಡುತ್ತಾರೆ. ನಾನು ಏಸಿಯ ಗಾಳಿಗೆ ಮುಖ ಕೊಟ್ಟು ಕೂರುತ್ತೇನೆ. ಇದನ್ನು ಇಷ್ಟುದ್ದ ಹೇಳಲು ಕಾರಣವುಂಟು, ಮುಂದೆ ಬರುತ್ತದೆ.

ಇನ್ನು ಭರಣಿಯ ಮಾತು. ಅಡುಗೆಮನೆಯ ಕಟ್ಟೆಯ ಕೆಳಗೆ ಬಿಳಿ ಬಣ್ಣದ ಒಂದು ಮುಚ್ಚಳದ ಪಾತ್ರೆ ಇತ್ತು. ನಾವು ಅದನ್ನು ಭರಣಿ ಎನ್ನುತ್ತಿದ್ದೆವು. ಒಳಗಿದ್ದದ್ದು ಅಕ್ಕಿಯ ತವುಡು, ಉಪ್ಪು ನೀರಿನಲ್ಲಿ ಕಲಸಿದ್ದು. ಅದರೊಳಗೆ ಸೌತೆ, ಮೂಲಂಗಿ, ಬದನೆ ಹುಗಿದಿಟ್ಟು ಮರುದಿನ ತೆಗೆದು ತೊಳೆದು ಕತ್ತರಿಸಿದರೆ ಅದೇ ಅವರ ಉಪ್ಪಿನಕಾಯಿ. "ನಮ್ಮಲ್ಲಿ ತವುಡು ದನಕ್ಕೆ ಹಾಕುವುದು ಮೇಡಂ" ಎಂದು ತಂಗಿ ಮೊದಲ ದಿನವೇ ಹೇಳಿದ್ದಳು. ಮೇಡಂ ನಕ್ಕು ನಕ್ಕು ಬಾಯಿಗೆ ಕೈ ಅಡ್ಡ ಹಿಡಿದರಂತೆ. ಆ ತವುಡು ಅವರ ಅತ್ತೆಯ ಮನೆಯದು, ಅತ್ತೆಗೆ ಅವರ ಅತ್ತೆ ಕೊಟ್ಟದ್ದು. ಮುಗಿಯುತ್ತಾ ಬಂದ ಹಾಗೆ ಹೊಸ ತವುಡು ಸೇರಿಸುತ್ತಾ, ಹಳೆಯದನ್ನು ಬಿಡದೆ, ಹಾಗೇ ನಡೆದು ಬಂದದ್ದು. ಮದುವೆಯಾಗಿ ಬಂದ ಸೊಸೆಗೆ ಅದನ್ನು ಕೊಡುವುದೆಂದರೆ ಮನೆಯ ಕೀಲಿಕೈ ಕೊಟ್ಟ ಹಾಗೆ.

ಅದಕ್ಕೆ ಒಂದು ಕಟ್ಟುಪಾಡು. ದಿನವೂ ಬರಿಗೈ ಹಾಕಿ ಅಡಿಯಿಂದ ಮೇಲಕ್ಕೆ ಮಗುಚಬೇಕು. ಚಮಚ ಬೇಡ, ಸೌಟು ಬೇಡ. ಕೈಯೇ ಆಗಬೇಕು. ಯಾರ ಕೈ ಆಡುತ್ತದೋ ಅವರ ರುಚಿ ಅದಕ್ಕೆ ಬರುತ್ತದೆ ಎಂದು ಅವರ ನಂಬಿಕೆ. ಒಂದು ದಿನ ಮೇಡಂಗೆ ಜ್ವರ ಬಂದಾಗ ತಂಗಿ ಕೈ ಹಾಕಿದಳು. ಜ್ವರ ಬಿಟ್ಟ ಮೇಲೆ ಮೇಡಂ ಒಂದು ಚೂರು ಸೌತೆ ಬಾಯಿಗಿಟ್ಟು ನಿಧಾನ ಅಗಿದರಂತೆ. ಆಮೇಲೆ ತಂಗಿಯ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು "ಗುಡ್ ಹ್ಯಾಂಡ್" ಎಂದರಂತೆ. ಅಂದಿನಿಂದ ಭರಣಿ ಅವಳದ್ದೇ ಆಯಿತು.

ಇದು ಅವಳಿಗೆ ಎಷ್ಟು ದೊಡ್ಡ ಮಾತು ಎಂದು ನನಗೆ ಗೊತ್ತಿತ್ತು. ಮದುವೆಯಾಗಿ ಹೋದ ಮನೆಯಲ್ಲಿ ಅವಳನ್ನು ಕೈಗುಣ ಇಲ್ಲದವಳು ಎಂದು ಕರೆದರು. ಮೊಸರು ಹುಳಿ ಬಂದರೆ ಅವಳ ಕೈ. ಮಿಡಿ ಉಪ್ಪಿನಕಾಯಿಗೆ ಬೂಸ್ಟು ಹಿಡಿದರೆ ಅವಳ ಕೈ. ಅವಳು ನೆಟ್ಟ ಬಳ್ಳಿ ಒಣಗಿದರೂ, ಗಂಡನ ಅಂಗಡಿ ನಡೆಯದಿದ್ದರೂ ಅದೇ ಕೈ. ಕೊನೆಗೆ ಉಪ್ಪಿನಕಾಯಿ ಇಡುವ ಕೋಣೆಯ ಹೊಸ್ತಿಲನ್ನೇ ದಾಟಲು ಬಿಡಲಿಲ್ಲ. ಅವಳು ತಿರುಗಿ ಬಂದಾಗ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದಳು. ಅವಳನ್ನು ಇಲ್ಲಿಗೆ ಕರೆಸಿದವನು ನಾನು. ದುಬೈಗೆ ಬಂದ ಮೇಲೆ ಆ ಕೈ ಸೆರಗಿನಿಂದ ಹೊರಗೆ ಬಂತು. ತೊಂಡೆಕಾಯಿಯನ್ನು ತವುಡಿನಲ್ಲಿ ಹುಗಿದು ಮೇಡಂಗೇ ಹೊಸ ರುಚಿ ತೋರಿಸಿದಳು. ಮೇಡಂನ ಗೆಳತಿಯರು ಮನೆಗೆ ಬಂದರೆ ಒಬ್ಬೊಬ್ಬರೂ ಅಡುಗೆಮನೆಗೆ ಬಂದು ಅವಳಿಗೆ ಬಗ್ಗಿ ಹೋಗುತ್ತಿದ್ದರು. "ಅಣ್ಣ, ಇವತ್ತು ಮೂರು ಜನ ಬಗ್ಗಿದರು. ನಾನೂ ಬಗ್ಗಿದೆ. ಅವರು ಮತ್ತೆ ಬಗ್ಗಿದರು. ಸೊಂಟ ಹೋಯ್ತು ಮಾರಾಯ" ಎಂದು ನನ್ನ ಹತ್ತಿರ ಬಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಆಗಸ್ಟಿನಲ್ಲಿ ಅವರ ಊರಿನಲ್ಲಿ ತೀರಿಹೋದ ಹಿರಿಯರು ಮನೆಗೆ ಬಂದು ಹೋಗುವ ದಿನಗಳಂತೆ. ನಾವು ಹಿರಿಯರಿಗೆ ಎಡೆ ಇಡುವ ಹಾಗೆ ಅವರೂ ಇಡುತ್ತಾರೆ. ಕಳೆದ ವರ್ಷ ಸರ್, ಮೇಡಂ, ಮಗಳು ಮೂವರೂ ಅದಕ್ಕೆ ಹೊರಟರು. ಹೊರಡುವ ದಿನ ಮೇಡಂ ಭರಣಿಯನ್ನು ತಂಗಿಗೆ ಒಪ್ಪಿಸಿದರು. ಅವರು ಹೋದ ಬೆನ್ನಿಗೇ ಅಬುಧಾಬಿಯಿಂದ ಫೋನು ಬಂತು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವ ನಮ್ಮ ಚಿಕ್ಕಮ್ಮನ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆ. ಊರಿನಿಂದ ಯಾರೂ ಬರುವ ಹಾಗಿರಲಿಲ್ಲ. ತಂಗಿ ಮೇಡಂಗೆ ಫೋನು ಮಾಡಿ ಕೇಳಿದಳು. ಮಗು ಮೊದಲು, ಹೋಗು ಎಂದರು ಅವರು. "ಭರಣಿಗೆ ಬ್ರದರ್ ಕೈ ಹಾಕ್ತಾನೆ" ಎಂದು ತಂಗಿ ಹೇಳಿದ್ದಕ್ಕೆ ಅಲ್ಲಿಂದಲೇ ನನಗೂ ಥ್ಯಾಂಕ್ಯೂ ಹೇಳಿದರು.

ಹೋಗುವ ಮೊದಲು ತಂಗಿ ನನ್ನನ್ನು ಕೂರಿಸಿ ಪಾಠ ಮಾಡಿದಳು. "ಉಗುರು ಕತ್ತರಿಸು. ಕೈ ತೊಳಿ. ಅಡಿವರೆಗೆ ಹಾಕು, ಮೇಲೆ ಮೇಲೆ ಕೆದಕುವುದಲ್ಲ. ಆಮೇಲೆ ತಟ್ಟಿ ಸಮ ಮಾಡು. ದಿನಾ. ತಪ್ಪಿಸಬೇಡ."

"ಆಯ್ತು ಮಾರಾಯ್ತಿ, ಅದೆಂತ ದೊಡ್ಡ ಕೆಲಸ" ಎಂದೆ.

ನಾನು ಕೈ ಹಾಕಲಿಲ್ಲ. ಒಂದು ದಿನವೂ ಹಾಕಲಿಲ್ಲ.

ಸೋಮಾರಿತನ ಒಂದೇ ಆಗಿದ್ದರೆ ಹೇಳಲು ಸುಲಭವಿತ್ತು. ಮುಚ್ಚಳ ತೆಗೆದಾಗ ಆ ಹುಳಿ ವಾಸನೆಗೆ ಹೇಸಿಗೆಯಾದದ್ದು ಹೌದು. ಆದರೆ ಅದಕ್ಕಿಂತ ಹೆಚ್ಚಾಗಿ, ಉಪ್ಪಿನಕಾಯಿಗೆ ಬರಿಗೈ ಹಾಕುವುದೆಂದರೆ ನನ್ನ ಮೈಯೇ ಒಪ್ಪಲಿಲ್ಲ. ನಮ್ಮ ಅಮ್ಮ ಚಿಕ್ಕಂದಿನಲ್ಲಿ ಭರಣಿಯ ಹತ್ತಿರ ಕೈ ಕೊಂಡುಹೋದರೆ ಸೌಟಿನಲ್ಲೇ ಕುಟ್ಟುತ್ತಿದ್ದರು. ಒಣಗಿದ ಮರದ ಸೌಟು, ಮೇಲೆ ಎಣ್ಣೆ, ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆಯಲ್ಲಿ ಇಟ್ಟರೆ ಮಳೆಗಾಲ ಮುಗಿಯುವವರೆಗೆ ತಿರುಗಿ ನೋಡಬಾರದು. ಮುಟ್ಟದಷ್ಟು ಒಳ್ಳೆಯದು. ಇದು ನಮ್ಮ ಕಡೆಯ ಯಾವ ಮನೆಯಲ್ಲಿ ಕೇಳಿದರೂ ಹೇಳುವ ಮಾತು. ಜಪಾನಿನವರಿಗೆ ಎಲ್ಲ ಗೊತ್ತು, ಉಪ್ಪಿನಕಾಯಿ ಹಾಕಲು ಮಾತ್ರ ಗೊತ್ತಿಲ್ಲ ಎಂದುಕೊಂಡೆ. ಅವರಿಗಿಂತ ಚೆನ್ನಾಗಿ ಇಟ್ಟು ತೋರಿಸುತ್ತೇನೆ ಎಂಬ ಒಂದು ಕೊಬ್ಬೂ ಇತ್ತು. ತವುಡಿನ ಮೇಲೆ ದಪ್ಪಕ್ಕೆ ಉಪ್ಪು ಹರಡಿದೆ. ಅದರ ಮೇಲೆ ತೆಂಗಿನೆಣ್ಣೆ ಹೊಯ್ದೆ. ಬಾಯಿಗೆ ಎರಡು ಪದರ ಬಟ್ಟೆ ಬಿಗಿದು ಕಟ್ಟಿ, ಸಾಮಾನಿನ ಕೋಣೆಯಲ್ಲಿ ಕತ್ತಲೆಗೆ ಇಟ್ಟೆ. ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದು ಏಸಿ ಆರಿಸಿ, ಗೇಟಿನ ಪಕ್ಕದ ನನ್ನ ಕೋಣೆಗೆ ಹೋಗಿ ಮಲಗಿದೆ.

ತಂಗಿ ಫೋನಿನಲ್ಲಿ "ಕೈ ಹಾಕಿದ್ಯಾ?" ಎಂದು ಕೇಳಿದಾಗಲೆಲ್ಲ "ಹಾಕಿದೆ" ಎಂದೆ. ಒಳ್ಳೆಯದೇ ಮಾಡಿದ್ದೇನಲ್ಲ, ತೆರೆದಾಗ ಗೊತ್ತಾಗುತ್ತದೆ ಎಂದು ಧೈರ್ಯ.

ಅವಳು ಬರುವ ದಿನ ಬೆಳಿಗ್ಗೆ ಬಟ್ಟೆ ಬಿಚ್ಚಿದೆ. ಆ ವಾಸನೆ ಹೇಳಲು ಬರುವುದಿಲ್ಲ. ಎಣ್ಣೆ ಮುಗ್ಗಲು ಹಿಡಿದಿತ್ತು, ಅಂಚಿನಲ್ಲಿ ಕಪ್ಪು, ಕಿತ್ತಳೆ ಬೂಸ್ಟು. ದುಬೈಯ ಆಗಸ್ಟಿನಲ್ಲಿ ಏಸಿ ಇಲ್ಲದ ಕೋಣೆ ಒಲೆಯ ಹಾಗೆ ಆಗುತ್ತದೆ ಎಂದು ಎಷ್ಟೋ ವರ್ಷ ಇಲ್ಲಿ ಬೆವರಿದ ನನಗೆ ಹೊಳೆಯಲಿಲ್ಲ. ಮೇಲಿನದನ್ನು ಕೆರೆದು ಎಸೆದೆ. ಉಳಿದದ್ದನ್ನು ಸೌಟಿನಲ್ಲಿ ತಿರುವಿ ಸಮ ಮಾಡಿ, ಕಟ್ಟೆಯ ಕೆಳಗೆ ಇಟ್ಟು ಏಸಿ ಹಾಕಿದೆ.

ತಂಗಿ ಬಂದು ಕೈ ಹಾಕಿದವಳೇ ಹೊರಗೆ ತೆಗೆದಳು. ಬೆರಳು ಮೂಸಿ ನೋಡಿದಳು. "ಅಣ್ಣ, ದಿನಾ ಹಾಕಿದ್ಯಾ?"

"ಹಾಕಿದ್ದೇನೆ ಅಂತ ಎಷ್ಟು ಸಲ ಹೇಳುವುದು?" ಎಂದು ಜೋರು ಮಾಡಿದೆ. ತಪ್ಪು ಮಾಡಿದವನಿಗೆ ಜೋರು ಬೇಗ ಬರುತ್ತದೆ.

ಕೈ ತೊಳೆಯುತ್ತಾ ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಳು. "ನೀನು ದಿನಾ ಹಾಕಿಯೂ ಹಾಳಾಯ್ತಲ್ಲ. ಹಾಗಾದರೆ ನಾನು ಬಿಟ್ಟು ಹೋಗುವಾಗಲೇ ಅದು ಕೆಟ್ಟಿರಬೇಕು. ನನ್ನ ಕೈ" ಎಂದಳು. ಅಷ್ಟೇ. ನಾನು ಕಾರು ತೊಳೆಯಲು ಹೊರಗೆ ಹೋದೆ.

ಊರಿನಿಂದ ಬಂದ ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಂಗಿ ಅಳುತ್ತಾ ನಿಂತಾಗ ಅವರೇ ಬಗ್ಗಿ, ಬಿಟ್ಟು ಹೋದದ್ದು ನನ್ನ ತಪ್ಪು ಎಂದರು. ಹೊಸ ತವುಡು, ಒಣಮೆಣಸು, ಸಾಸಿವೆ ಪುಡಿ ಹಾಕಿ ಅದನ್ನು ಬದುಕಿಸಲು ಏನೇನೋ ಮಾಡಿದರು. ಅದು ಏಳಲಿಲ್ಲ. ಒಂದು ಸಂಜೆ ಅಂಗಳದ ಬೇವಿನ ಗಿಡದ ಬುಡದಲ್ಲಿ ಗುಂಡಿ ತೋಡಲು ನನಗೇ ಹೇಳಿದರು. ತವುಡನ್ನು ಅದರಲ್ಲಿ ಸುರಿದು, ಮಣ್ಣು ಮುಚ್ಚಿ, ಕೈ ಜೋಡಿಸಿ, ಇಷ್ಟು ವರ್ಷ ಉಣಿಸಿದ್ದಕ್ಕೆ ಅದಕ್ಕೆ ಥ್ಯಾಂಕ್ಯೂ ಹೇಳಿದರು. ನಾನು ಪಕ್ಕದಲ್ಲಿ ಸಲಿಕೆ ಹಿಡಿದು ನಿಂತಿದ್ದೆ.

ಆಮೇಲೆ ತಂಗಿ ಕೈಗೆ ಗ್ಲೌಸ್ ಹಾಕತೊಡಗಿದಳು. ಮೊದಲು ಸೊಪ್ಪು ತೊಳೆಯಲು, ಆಮೇಲೆ ಹಿಟ್ಟು ಕಲಸಲು, ಆಮೇಲೆ ಎಲ್ಲದಕ್ಕೂ. ನಮ್ಮಿಬ್ಬರಿಗೆ ಮಾಡುವ ದೋಸೆಯ ಹಿಟ್ಟನ್ನೂ ಕೈಯಿಂದ ಕಲಸಲಿಲ್ಲ. ಪಕ್ಕದ ಮನೆಯ ಅಜ್ಜಿಯ ಮೊಮ್ಮಗುವನ್ನು ಎತ್ತಿಕೊಳ್ಳುತ್ತಿದ್ದವಳು, ಅದು ಕೈ ಚಾಚಿದರೂ ದೂರ ನಿಂತು ನಕ್ಕಳು. ಮೇಡಂ ಭರಣಿಯ ಜಾಗ ಒರೆಸಿ ಖಾಲಿ ಬಿಟ್ಟಿದ್ದರು. ಆ ಖಾಲಿ ಜಾಗದ ಎದುರು ಗ್ಲೌಸ್ ಹಾಕಿ ಕೆಲಸ ಮಾಡುವ ಅವಳ ಬೆನ್ನು ನೋಡಿದರೆ ನನಗೆ ಊಟ ಇಳಿಯುತ್ತಿರಲಿಲ್ಲ. ಒಂದು ದಿನ ತಟ್ಟೆ ಇಡುತ್ತಾ ಹೇಳಿದಳು: "ಈ ಸಲ ರಜೆಗೆ ಹೋದರೆ ನಾನು ತಿರುಗಿ ಬರುವುದಿಲ್ಲ ಅಣ್ಣ. ಮೇಡಂ ಒಳ್ಳೆಯವರು, ಹೇಳುವುದಿಲ್ಲ. ಅವರ ಮನೆಗೆ ನನ್ನ ಕೈ ಬೇಡ."

ಆಗಲಾದರೂ ಹೇಳಬಹುದಿತ್ತು. "ಹುಚ್ಚು ಮಾತಾಡಬೇಡ" ಎಂದು ಬಿಟ್ಟೆ. ಹೇಳಲು ಹೊರಟರೆ ಬೂಸ್ಟಿಗಿಂತ ಆ ಸುಳ್ಳೇ ದೊಡ್ಡದಾಗಿ ಕಾಣುತ್ತಿತ್ತು. ಇನ್ನೊಂದು ವಾರ ಕಳೆದರೆ ಮರೆತಾಳು ಎಂದು ಪ್ರತಿ ವಾರವೂ ಅಂದುಕೊಂಡೆ.

ಆ ದಿನಗಳಲ್ಲೇ ಸರ್ ಅನ್ನು ಒಂದು ಆಫೀಸಿಗೆ ಕರೆದುಕೊಂಡು ಹೋಗಬೇಕಾಯಿತು. ಅವರ ಕಂಪೆನಿಯಿಂದ ಆ ಆಫೀಸಿಗೆ ತಪ್ಪು ಸಾಮಾನು ಹೋಗಿತ್ತಂತೆ. ಬಿಸಿಲಿನಲ್ಲೂ ಕಪ್ಪು ಕೋಟು ಹಾಕಿದ್ದರು. ದಾರಿಯಲ್ಲಿ ಸಿಹಿಯ ಪೆಟ್ಟಿಗೆ ಕೊಂಡರು. ಅವರ ಪಕ್ಕದಲ್ಲಿ ಅವರ ಆಫೀಸಿನ ಒಬ್ಬ ಕಿರಿಯ, ಮುಖ ಬಿಳಿಚಿಕೊಂಡು ಕೂತಿದ್ದ. ಎಂದಿನಂತೆ ತಿರುವಿನ ಆಚೆ ಕಾದು, ಹೊತ್ತಿಗೆ ಸರಿಯಾಗಿ ಒಳಗೆ ಹೋದರು. ತಿರುಗಿ ಬರುವಾಗ ಆ ಆಫೀಸಿನ ದೊಡ್ಡವರೂ ಹೊರಗೆ ಬಂದರು, ತಮ್ಮ ಕಾರು ಹತ್ತಿ ಹೊರಟರು. ಆ ಕಾರು ಕಣ್ಣಿಗೆ ಮರೆಯಾಗುವವರೆಗೂ ಸರ್ ಸೊಂಟ ಬಗ್ಗಿಸಿ ನಿಂತೇ ಇದ್ದರು. ಒಂದು ಹೆಜ್ಜೆ ಹಿಂದೆ ಆ ಕಿರಿಯನೂ ಬಗ್ಗಿದ್ದ.

ಅವನನ್ನು ಇಳಿಸಿದ ಮೇಲೆ ಕೇಳಿಯೇ ಬಿಟ್ಟೆ. "ಸರ್, ತಪ್ಪು ನಿಮ್ಮದಾ?"

"ಅಲ್ಲ. ಅವನದು."

"ಮತ್ತೆ ನೀವ್ಯಾಕೆ ಸರ್?"

ಅವರಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಸ್ವಲ್ಪ ಯೋಚಿಸಿ "ಅವನು ನನ್ನವನು" ಎಂದರು. ಆಮೇಲೆ, "ಅವನು ಇವತ್ತು ಚೆನ್ನಾಗಿ ನಿದ್ದೆ ಮಾಡುತ್ತಾನೆ" ಎಂದು ಸೇರಿಸಿ ಕಣ್ಣು ಮುಚ್ಚಿದರು.

ನಾನು ಗಾಡಿ ಓಡಿಸಿದೆ. ನನ್ನವಳನ್ನು ನಾನು ಮುಂದೆ ನಿಲ್ಲಿಸಿ ಬಗ್ಗಿಸಿದ್ದೆ, ಹಿಂದೆ ಅಡಗಿದ್ದವನು ನಾನು.

ಕೆಲವು ದಿನಗಳ ನಂತರ ಒಂದು ಶನಿವಾರ ಅಬುಧಾಬಿಗೆ ಹೋಗುವುದಿದೆ ಎಂದರು ಮೇಡಂ. ಅಲ್ ಮೀನಾದ ಮೀನು ಮಾರ್ಕೆಟ್ಟಿಗೆ ಹತ್ತಿರದ ಕಟ್ಟಡವೊಂದರಲ್ಲಿ ಅವರ ಊರಿನ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಮೇಡಂ ಹಿಂದೆ ತಮ್ಮ ತವುಡಿನಲ್ಲಿ ಒಂದು ಪಾಲು ಅವರಿಗೆ ಕೊಟ್ಟಿದ್ದರು. ಈಗ ಅದರಿಂದ ಒಂದು ಮುಷ್ಟಿ ಕೇಳಿ ತರಬೇಕು. ಒಂದು ಫೋನಿನಲ್ಲಿ ಮುಗಿಯುವ ಕೆಲಸ ಎಂದು ನಮಗೆ ಕಾಣುತ್ತದೆ. ಮೇಡಂಗೆ ಅದನ್ನು ಕೇಳಲು ಎರಡು ತಿಂಗಳು ಬೇಕಾಯಿತು. ಕೊಟ್ಟವರು ತಿರುಗಿ ಕೇಳುವುದು ನಾಚಿಕೆ. ಅತ್ತೆ ಕೊಟ್ಟದ್ದನ್ನು ಕಳೆದುಕೊಂಡೆ ಎಂದು ಹೇಳುವುದು ಇನ್ನೂ ನಾಚಿಕೆ. ಪಾತ್ರೆ ಹಿಡಿದುಕೊಳ್ಳಲು ತಂಗಿಯೂ ಬರಬೇಕೆಂದು ಅವರು ಹಟ ಮಾಡಿದರು.

ಬೇಗ ತಲುಪಿದೆವು. ತಿರುವಿನ ಆಚೆ, ಕಾರ್ಪೆಟ್ ಅಂಗಡಿಗಳ ಸಾಲಿನ ಎದುರು ನಿಲ್ಲಿಸಿದೆ. ತಂಗಿ ನನ್ನ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಖಾಲಿ ಪಾತ್ರೆ, ಕೈಯಲ್ಲಿ ಗ್ಲೌಸ್. ಹಿಂದೆ ಮೇಡಂ ಬಟ್ಟೆಯಲ್ಲಿ ಕಟ್ಟಿದ ಸಿಹಿಯ ಪೆಟ್ಟಿಗೆ ಹಿಡಿದು, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಹೇಳಿ, ತಲೆ ಅಲ್ಲಾಡಿಸಿ, ಮತ್ತೆ ಮೊದಲಿನಿಂದ ಹೇಳುತ್ತಿದ್ದರು.

ಅದು ಏನೆಂದು ತಂಗಿ ಕೇಳಿದಳು. ನನ್ನ ಅಜಾಗ್ರತೆಯಿಂದ ಹಾಳಾಯಿತು ಎಂದು ಹೇಳುವುದು ಹೇಗೆಂದು ನೋಡುತ್ತಿದ್ದೇನೆ ಎಂದರು ಮೇಡಂ.

ತಂಗಿ ಹಿಂದಕ್ಕೆ ತಿರುಗಿ ಗ್ಲೌಸ್ ಹಾಕಿದ ಕೈ ತೋರಿಸಿದಳು. "ನೋ ಮೇಡಂ. ಟೆಲ್ ಹರ್, ಮೈ ಹ್ಯಾಂಡ್. ಮೈ ಹ್ಯಾಂಡ್ ನೋ ಗುಡ್."

ನನಗೆ ಅಲ್ಲಿಂದ ಎದ್ದು ಹೋಗಲು ಜಾಗವಿರಲಿಲ್ಲ. ಬೇರೆ ಯಾವ ಹೊತ್ತಿನಲ್ಲಾದರೂ ನಾನು ಕಾರು ತೊಳೆಯಲು ಹೋಗಿಬಿಡುತ್ತಿದ್ದೆ. ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದೆ.

"ನಿನ್ನ ಕೈ ಅಲ್ಲ. ನಾನು ಕೈ ಹಾಕಲೇ ಇಲ್ಲ."

"ಎಂತದ್ದು?"

"ಭರಣಿಗೆ. ನಾನು ಕೈ ಹಾಕಲಿಲ್ಲ."

"ಯಾವತ್ತು?"

"ಯಾವತ್ತೂ. ಉಪ್ಪು ಹರಡಿ, ಎಣ್ಣೆ ಹೊಯ್ದು, ಬಟ್ಟೆ ಕಟ್ಟಿ ಇಟ್ಟೆ. ಅಮ್ಮ ಇಡುವ ಹಾಗೆ."

ಅವಳು ನನ್ನನ್ನೇ ನೋಡಿದಳು. "ಎಣ್ಣೆ? ಯಾವ ಎಣ್ಣೆ?"

"ತೆಂಗಿನೆಣ್ಣೆ."

"ತಲೆಗೆ ಹಾಕುವುದಾ?"

"ಅಲ್ಲ ಮಾರಾಯ್ತಿ, ಅಡುಗೆಯದ್ದು."

"ಎಲ್ಲಿ ಇಟ್ಟದ್ದು?"

"ಸಾಮಾನಿನ ಕೋಣೆಯಲ್ಲಿ."

"ಏಸಿ?"

"ಆರಿಸಿದ್ದೆ."

"ಅಯ್ಯೋ ದೇವರೇ! ಆಗಸ್ಟಿನಲ್ಲಿ!" ಎಂದವಳೇ ಮಡಿಲಲ್ಲಿದ್ದ ಪಾತ್ರೆಯ ಮುಚ್ಚಳ ತೆಗೆದು ನನ್ನ ಭುಜಕ್ಕೆ ಬಡಿದಳು. ಇನ್ನೊಂದು ಬಡಿದಳು. "ನಾನು ಅಷ್ಟು ಸಲ ಕೇಳಿದೆನಲ್ಲ! ನನ್ನ ಮೇಲೆಯೇ ಜೋರು ಮಾಡಿದ್ಯಲ್ಲ! ಇಷ್ಟು ದಿನ ನಾನು..." ಗ್ಲೌಸ್ ಹಾಕಿದ ಕೈಯಿಂದ ಕಣ್ಣು ಒರೆಸಲು ಹೋಗಿ, ಅದು ಆಗದೆ, ಹಲ್ಲಿನಿಂದ ಕಚ್ಚಿ ಗ್ಲೌಸ್ ಎಳೆದು ಬಿಸಾಡಿದಳು.

ಮೇಡಂ ಗಾಬರಿಯಾಗಿ ಮುಂದಕ್ಕೆ ಬಾಗಿದ್ದರು. ನನಗೆ ಬರುವ ಇಂಗ್ಲಿಷಿನಲ್ಲಿ ಅವರಿಗೂ ಹೇಳಿದೆ. ಎಣ್ಣೆ ಎಂದೆ, ಏಸಿ ಎಂದೆ, ಸುಳ್ಳು ಎಂದೆ. ಕೊನೆಗೆ ಅವರ ಭಾಷೆಯಲ್ಲಿ ನನಗೆ ಗೊತ್ತಿರುವ ಒಂದೇ ಕ್ಷಮೆಯ ಮಾತು, ಸುಮಿಮಾಸೆನ್, ಅದನ್ನೂ ಹೇಳಿದೆ. ಅವರು ಸಿಹಿಯ ಪೆಟ್ಟಿಗೆಯನ್ನು ಪಕ್ಕಕ್ಕೆ ಇಟ್ಟರು. ಆಮೇಲೆ, "ಸಾಲ್ಟ್, ಗುಡ್" ಎಂದರು. ದೂರ ಹೋಗುವಾಗ ಅವರೂ ಮೇಲೆ ಉಪ್ಪು ಹರಡುತ್ತಾರಂತೆ, ಹರಡಿ ಫ್ರಿಜ್ಜಿನಲ್ಲಿ ಇಡುತ್ತಾರಂತೆ. "ಆಯಿಲ್, ನೋ. ಹಾಟ್ ರೂಮ್, ನೋ, ನೋ."

ಹಿಂದಿನಿಂದ ಕೈ ಚಾಚಿ, ತಂಗಿಯ ಬರಿಗೈಯನ್ನು ಹಿಡಿದರು. "ಗುಡ್ ಹ್ಯಾಂಡ್. ಐ ನೋ" ಎಂದರು. ತಂಗಿ ಆ ಕೈ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಮೇಡಂ ಕಾರಿನ ಗಡಿಯಾರ ನೋಡಿದರು. ಏನೇ ಆಗಲಿ, ಹೊತ್ತು ತಪ್ಪುವ ಹಾಗಿಲ್ಲ. ಇಳಿದು ಬಟ್ಟೆ ಸರಿ ಮಾಡಿಕೊಂಡು ನನ್ನ ಬಾಗಿಲು ತಟ್ಟಿದರು. "ಯೂ, ಕಮ್."

ಹಾಗೆ ನಾನು ಅಬುಧಾಬಿಯ ಆ ಬಾಗಿಲ ಮುಂದೆ ನಿಂತೆ. ಮೇಡಂ ಮುಂದೆ, ಒಂದು ಹೆಜ್ಜೆ ಹಿಂದೆ ನಾನು, ಪಕ್ಕದಲ್ಲಿ ಖಾಲಿ ಪಾತ್ರೆ ಹಿಡಿದ ತಂಗಿ. ಅವರು ಬಗ್ಗಿದಾಗ ನಾನೂ ಬಗ್ಗಿದೆ. ಅವರು ಏಳುವವರೆಗೂ ಏಳಲಿಲ್ಲ. ನೆಲದ ಹಾಸುಗಲ್ಲು ನೋಡುತ್ತಾ ಅಷ್ಟು ಹೊತ್ತು ಬಗ್ಗಿ ನಿಂತರೆ ಎದೆಯ ಮೇಲಿನದ್ದೆಲ್ಲ ಜಾರಿ ಕೆಳಗೆ ಬಿದ್ದ ಹಾಗೆ ಆಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಹಿರಿಯ ಹೆಂಗಸು ಮೇಡಂ ಮಾತು ಕೇಳಿ, ನನ್ನನ್ನು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಅವರ ಇಂಗ್ಲಿಷ್ ನಮ್ಮದಕ್ಕಿಂತ ಚೆನ್ನಾಗಿತ್ತು. ಮೇಡಂ ಅವರಿಗೆ ಒಂದಲ್ಲ, ಎರಡು ಸಲ ತವುಡು ಕೊಟ್ಟಿದ್ದರಂತೆ. ಎರಡನೆಯ ಸಲ, ತಮ್ಮ ಗೆಳತಿಯೊಬ್ಬಳಿಗೆ ಬೇಕು ಎಂದು ಈ ಹೆಂಗಸೇ ಮೇಡಂ ಹತ್ತಿರ ಕೇಳಿ ತಂದಿದ್ದರಂತೆ. "ಆ ಗೆಳತಿ ನಾನೇ" ಎಂದರು. "ಮೊದಲನೆಯದನ್ನು ನಾನು ಕೊಂದಿದ್ದೆ. ಹೇಳಲು ನಾಚಿಕೆಯಾಯಿತು." ಮೇಡಂ ಕಣ್ಣರಳಿಸಿ ನೋಡಿದರು. ಆಮೇಲೆ ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು ನಕ್ಕರು. ಅಷ್ಟು ಜೋರಾಗಿ ಮೇಡಂ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಎಲ್ಲರ ಮನೆಯಲ್ಲೂ ಒಮ್ಮೆ ಸಾಯುತ್ತದೆ, ಯಾರೂ ಹೇಳುವುದಿಲ್ಲ ಎಂದರು ಆ ಹೆಂಗಸು.

ತಮ್ಮ ತವುಡಿನ ಪಾತ್ರೆ ತಂದಿಟ್ಟರು. ಪಾಲು ತೆಗೆಯಲು ಮರದ ಚಮಚ ಹುಡುಕುತ್ತಿದ್ದವರನ್ನು ಮೇಡಂ ತಡೆದು, ತಂಗಿಯ ಕಡೆ ನೋಡಿದರು. ತಂಗಿ ನಲ್ಲಿಯಲ್ಲಿ ಕೈ ತೊಳೆದಳು, ಒಂದಲ್ಲ ಎರಡು ಸಲ. ಮೊಣಕೈಯವರೆಗೆ ತೋಳು ಮಡಚಿ, ಕೈಯನ್ನು ಅಡಿಯವರೆಗೆ ಇಳಿಸಿದಳು. ಮಗುಚಿದಳು. ಮೂಸಿ ನೋಡಿದಳು. ನನ್ನ ಕಡೆ ತಿರುಗಿ, "ವಾಸನೆ ಅಂದರೆ ಇದು. ಬಾ, ಮೂಗು ಇಟ್ಟು ನೋಡು, ಮಂಡೆಯಲ್ಲಿ ಇಟ್ಟುಕೋ" ಎಂದಳು. ಹೊಸ ಅಕ್ಕಿಯದೂ ಹುಳಿ ಮಜ್ಜಿಗೆಯದೂ ಸೇರಿದ ಹಾಗೆ ಇತ್ತು. ಅದರಲ್ಲಿ ನನಗೆ ಹೇಸಿಗೆಯಾದದ್ದು ಏನೆಂದು ಈಗ ತಿಳಿಯುವುದಿಲ್ಲ.

ತಿರುಗಿ ಬರುವಾಗ ಮೀನು ಮಾರ್ಕೆಟ್ಟಿನಲ್ಲಿ ನಿಲ್ಲಿಸಿದೆವು. ತಂಗಿ ಬರಿಗೈಯಲ್ಲೇ ಅಂಜಲ್ ಮೀನಿನ ಕಿವಿರು ಎತ್ತಿ, ಬೆರಳಿನಿಂದ ಹೊಟ್ಟೆ ಒತ್ತಿ, ಮಾರುವವನ ಹತ್ತಿರ "ಇದು ಮಾಫಿ, ಬೇಡ, ಆಚೆಯದ್ದು ಕೊಡು, ಯಲ್ಲಾ, ಬೇಗ" ಎಂದು ಜಗಳ ಮಾಡಿದಳು. ನಾನು ಐಸಿನ ನೀರು ಹರಿಯುವ ನೆಲದಲ್ಲಿ ಪಾತ್ರೆ ಅಪ್ಪಿ ಹಿಡಿದು ನಿಂತಿದ್ದೆ. ಎಷ್ಟೋ ದಿನದ ಮೇಲೆ ನನಗೆ ಹಸಿವಾಗಿತ್ತು.

ಹಾಗೆಂದು ಅವಳು ನನ್ನನ್ನು ಬಿಟ್ಟುಬಿಡಲಿಲ್ಲ. ಒಂದಷ್ಟು ದಿನ ಮಾತೇ ಆಡದೆ ತಟ್ಟೆ ಕುಕ್ಕಿ ಬಡಿಸಿದಳು. ಚಿಕ್ಕಮ್ಮನ ಮಗಳಿಗೆ ಫೋನು ಮಾಡಿ, ನನಗೆ ಕೇಳುವ ಹಾಗೆ, "ಇಲ್ಲಿ ಒಬ್ಬರು ಭರಣಿಗೆ ಅಭ್ಯಂಜನ ಮಾಡಿಸಿದರು" ಎಂದು ಹೇಳಿ ನಕ್ಕಳು. ಆ ನಗು ಕೇಳಿ ನಾನು ಗೇಟಿನ ಆಚೆ ನಿಂತು ಒಬ್ಬನೇ ನಕ್ಕೆ. ರಜೆಗೆ ಹೋದವಳು ತಿರುಗಿ ಬಂದಳು, ಊರಿನಿಂದ ಒಂದು ಚೀಲ ಕುಚ್ಚಲಕ್ಕಿಯ ತವುಡೂ ತಂದಳು.

ಅವಳು ಇಲ್ಲದ ದಿನಗಳಲ್ಲಿ ಭರಣಿ ಈಗಲೂ ನನ್ನದೇ. ಮೇಡಂ ಬೇರೆಯವರಿಗೆ ಹೇಳಬಹುದಿತ್ತು, ನನಗೇ ಹೇಳಿದರು. ಏಸಿ ಓಡುತ್ತಿರುತ್ತದೆ. ನಾನು ತೋಳು ಮಡಚಿ ಕೂರುತ್ತೇನೆ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಡುತ್ತೇನೆ. ಬಾಯಿಮಾತನ್ನು ಅವಳು ಇನ್ನು ನಂಬುವುದಿಲ್ಲ, ಕಣ್ಣಿಗೇ ಕಾಣಬೇಕು.

"ಕೈ ತೋರಿಸು" ಎನ್ನುತ್ತಾಳೆ ಫೋನಿನೊಳಗಿನಿಂದ. ತೋರಿಸುತ್ತೇನೆ. "ಉಗುರು?" ಎನ್ನುತ್ತಾಳೆ. ಅದನ್ನೂ ತೋರಿಸುತ್ತೇನೆ.

"ಹೂಂ, ಹಾಕು. ಅಡಿವರೆಗೆ."